ನಮ್ಮ ಇಲಿಗಳಲ್ಲಿ ಎನ್‌ಪಿವೈ ಕೊನೆಗೂ ಕೆಲಸ ಮಾಡಿತು

"ಈ ಪೆಪ್ಟೈಡ್ ಸತ್ತಿದೆ, ಬೇರೆ ಕಡೆಯಿಂದ ತರಿಸಿ" ಅಂತ ಲ್ಯಾಬಿನಲ್ಲಿ ಎಲ್ಲರೂ ಹೇಳಿದರು. ನಾನು ಒಪ್ಪಲಿಲ್ಲ. ನ್ಯೂರೋಪೆಪ್ಟೈಡ್ ವೈ (ಎನ್‌ಪಿವೈ, ಮೆದುಳಿನಲ್ಲೇ ತಯಾರಾಗುವ ಒಂದು ಪುಟ್ಟ ಪ್ರೋಟೀನ್ ತುಣುಕು) ಮೆದುಳಿಗೆ ಕೊಟ್ಟರೆ ಇಲಿಯ ಆತಂಕ ಇಳಿಯುತ್ತದೆ ಅನ್ನೋದು 1980ರ ದಶಕದಿಂದಲೂ ಗೊತ್ತಿರುವ ವಿಷಯ. ಇದನ್ನು ಅಳೆಯೋದು ಪ್ಲಸ್ ಮೇಜ್‌ನಲ್ಲಿ: ನೆಲದಿಂದ ಎತ್ತರಿಸಿದ + ಆಕಾರದ ಹಲಗೆ, ಎರಡು ತೋಳಿಗೆ ಗೋಡೆ ಇದೆ, ಎರಡು ತೆರೆದಿವೆ; ಹೆದರಿದ ಇಲಿ ತೆರೆದ ಕಡೆ ಬರೋದಿಲ್ಲ. ನಮ್ಮಲ್ಲಿ ಮಾತ್ರ ಬರೀ ಉಪ್ಪುನೀರು ಕೊಟ್ಟ ಸಲೈನ್ ಇಲಿ, ಎನ್‌ಪಿವೈ ಇಲಿ ಎರಡೂ ಮುಚ್ಚಿದ ತೋಳಿನ ತುದಿಯಲ್ಲಿ ಮುದುಡಿ ಕೂರುತ್ತಿದ್ದವು.

ದುಡ್ಡಿನ ಸಂಕಟ ಬೇರೆ. ಒಂದು ಮಿಲಿಗ್ರಾಂಗೆ ಹತ್ತಿರ ಹತ್ತಿರ 40 ಸಾವಿರ. ಒಂದು ಡೋಸ್ 1 ನ್ಯಾನೋಮೋಲ್, ಅಂದರೆ 4 ಮೈಕ್ರೋಗ್ರಾಂ ಚಿಲ್ಲರೆ, ಲೆಕ್ಕಕ್ಕೆ 200ಕ್ಕೂ ಜಾಸ್ತಿ ಡೋಸ್. ಆದರೆ ಮಾಮೂಲಿ ಟ್ಯೂಬಿನಲ್ಲಿ ಸಾಕಷ್ಟು ಗೋಡೆಗೇ ಅಂಟಿಕೊಳ್ಳುತ್ತದೆ. ಅದಕ್ಕೇ ಅಂಟದ ಲೋ-ಬೈಂಡ್ ಟ್ಯೂಬ್, ಪೆಪ್ಟೈಡ್ ಬದಲು ತಾನೇ ಗೋಡೆಗೆ ಅಂಟುವ 0.1% ಬಿಎಸ್‌ಎ ಪ್ರೋಟೀನ್, ಒಂದು ಸಲಕ್ಕೆ ಬೇಕಾದಷ್ಟೇ ಪಾಲು (ಅಲಿಕ್ವಾಟ್). ಇಲ್ಲಿ ಕಂಜೂಸಿ ಬೇಡ. ಉಳಿಸೋದಾದರೆ ಮೇಜ್‌ನಲ್ಲಿ ಉಳಿಸಿ. ಹೊರದೇಶದ್ದು ಲಕ್ಷ ದಾಟುತ್ತೆ. ನಮ್ಮದನ್ನು ಬಡಗಿ ಏಳೆಂಟು ಸಾವಿರಕ್ಕೆ ಮಾಡಿಕೊಟ್ಟರು. ವಾರ್ನಿಶ್ ವಾಸನೆ ಹೋಗುವವರೆಗೆ ಟೆರೇಸಿನಲ್ಲಿ ಬಿಸಿಲಿಗಿಟ್ಟೆವು, ಅಷ್ಟೇ.

ಟ್ಯೂಬ್ ಬದಲಾಯಿಸಿದರೂ ಫಲಿತಾಂಶ ಅರೆಬರೆ. ಅಡ್ಡಿಯಾಗಿದ್ದು ಇಂಜೆಕ್ಷನ್ ಹೊತ್ತಿನ ಹಿಡಿತ. ಮೆದುಳಿಗೆ ಡೋಸ್ ಹೋಗೋದು ತಲೆಗೆ ಕೂರಿಸಿದ ಕ್ಯಾನುಲಾ ಅನ್ನೋ ಸಣ್ಣ ಕೊಳವೆಯಿಂದ, ಅದರ ಮುಚ್ಚಳವೇ ಡಮ್ಮಿ. ಇಲಿಯನ್ನು ಗಟ್ಟಿಯಾಗಿ ಹಿಡಿದು, ಡಮ್ಮಿ ಬಿಚ್ಚಿ, ಸೂಜಿ ಇಳಿಸುವಷ್ಟರಲ್ಲಿ ಅದು ಹೆದರಿ ಹೋಗಿರುತ್ತೆ. ಆ ಭಯದ ಮುಂದೆ ಪೆಪ್ಟೈಡ್ ಏನು ಮಾಡೀತು? ದಿನಾ ಟವೆಲ್ಲಿನಲ್ಲಿ ಸುತ್ತಿ, ಡಮ್ಮಿ ಬಿಚ್ಚಿ ಹಾಕಿ, ಬರೀ ಸೂಜಿ ಇಳಿಸಿ ತೆಗೆದು ಅಭ್ಯಾಸ ಮಾಡಿಸಿದೆ. ಒಂದೂವರೆ ವಾರ ಹಿಡಿಯಿತು. ಆಮೇಲೆ ಇಲಿಗಳು ತೊಡೆ ಮೇಲೆ ಸುಮ್ನೆ ಕೂರತೊಡಗಿದವು. ಡಮ್ಮಿಯನ್ನು ಕೆರೆದು ಕೀಳದಂತೆ ಮಾಡೋಕೆ ನನ್ನದೇ ಒಂದು ಉಪಾಯ ಇದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಡೋಸ್ ಕೊಟ್ಟು ಒಂದು ಗಂಟೆ ಬಿಟ್ಟು ಮೇಜ್‌ಗೆ ಬಿಟ್ಟೆ. ಸಲೈನ್ ಇಲಿಗಳು ತೆರೆದ ತೋಳಿನಲ್ಲಿ 10-15% ಹೊತ್ತು ಇದ್ದರೆ ಎನ್‌ಪಿವೈ ಇಲಿಗಳು 35% ಹತ್ತಿರ. ಅಂಚಿಗೆ ಬಂದು ಮೂತಿ ಕೆಳಗೆ ಬಾಗಿಸಿ ನೆಲ ನೋಡುತ್ತಿದ್ದವು! ಮುಚ್ಚಿದ ತೋಳಿನ ಎಂಟ್ರಿ ಕಡಿಮೆ ಆಗಿರಲಿಲ್ಲ, ಹಾಗಾಗಿ ಮಂಪರು ಅನ್ನೋ ಆಕ್ಷೇಪಕ್ಕೂ ಜಾಗ ಇಲ್ಲ.

ಒಂದು ಕೈಚಳಕ ಹೇಳುತ್ತೇನೆ. ಕ್ಯಾನುಲಾ ಸರಿ ಇದೆಯಾ ನೋಡೋಕೆ ಎಲ್ಲರೂ ಬಾಯಾರಿಕೆ ತರುವ ಆಂಜಿಯೋಟೆನ್ಸಿನ್ ಹಾರ್ಮೋನ್ ಕೊಟ್ಟು ನೀರು ಕುಡಿಸುತ್ತಾರೆ ಅಲ್ವಾ? ನಾನು ಮೇಜ್ ಮುಗಿದ ಮೇಲೆ ತಿಂಡಿಯ ಪೆಲೆಟ್ ತೂಕ ಮಾಡಿ ಇಟ್ಟೆ. ಎನ್‌ಪಿವೈ ಹಸಿವೆಯನ್ನೂ ಕೆರಳಿಸುತ್ತೆ. ಹೊಟ್ಟೆ ತುಂಬಿದ್ದ ಇಲಿಗಳೂ ಬಕಬಕ ತಿಂದವು. ಕ್ಯಾನುಲಾ, ಪೆಪ್ಟೈಡ್ ಎರಡರ ಪರೀಕ್ಷೆಯೂ ಒಂದೇ ಏಟಿಗೆ ಆಯಿತು.

ಉಳಿದ ನಾಲ್ಕೈದು ಇಲಿಗಳಿಗೆ ಸಿಆರ್‌ಎಫ್ ಕೊಟ್ಟೆ, ಅದು ಒತ್ತಡದ ಪ್ರತಿಕ್ರಿಯೆ ಶುರುಮಾಡುವ ಮೆದುಳಿನ ಪೆಪ್ಟೈಡ್. ವಿಜ್ಞಾನಿ ವೈಲಿ ವೇಲ್ ತಂಡ 1981ರಲ್ಲಿ ಕುರಿ ಮೆದುಳಿನಿಂದ ಗುರುತಿಸಿದ್ದು ಇದನ್ನೇ. ಪೂರ್ತಿ ತಿರುವುಮುರುವು: ತೆರೆದ ತೋಳಿನ ಕಡೆ ತಲೆಯನ್ನೂ ಹಾಕಲಿಲ್ಲ, ಬಿಡದೆ ಮುಖ ಉಜ್ಜಿಕೊಳ್ಳುತ್ತಲೇ ಇದ್ದವು. ಮುಂದಿನ ಬ್ಯಾಚಿಗೆ ಎರಡನ್ನೂ ಒಟ್ಟಿಗೆ ಕೊಡುವವನಿದ್ದೇನೆ. ಎಥಿಕ್ಸ್ ಕಮಿಟಿ ಒಪ್ಪಿದೆ, ಪೆಪ್ಟೈಡ್ ಬಿಲ್ ಪಾಸಾಗಬೇಕು.