ಮೈಸೂರು ಶೈಲಿಯ ಚಿತ್ರ ಆನ್‌ಲೈನ್‌ನಲ್ಲಿ ಮಾರಬೇಕೆ? ಫೋಟೊದಿಂದ ಶುರು ಮಾಡಿ

ಜನವರಿಯಲ್ಲಿ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಗೆ ಹೋದಾಗ, ಮೈಸೂರು ಶೈಲಿಯ ಚಿತ್ರದ ಮುಂದೆ ನಿಂತವರನ್ನು ಗಮನಿಸಿ. ತಲೆಯನ್ನು ಮೆಲ್ಲಗೆ ಆಚೆ ಈಚೆ ವಾಲಿಸುತ್ತಾರೆ. ಚಿನ್ನದ ರೇಕು, ಅಂದರೆ ತೆಳು ಹಾಳೆ, ಮಿನುಗುವುದನ್ನು ನೋಡುವ ಆಸೆ ಅವರಿಗೆ. ಫೋನಿನಲ್ಲಿ ನೋಡುವವರಿಗೆ ಆ ಅವಕಾಶ ಇಲ್ಲ. ಅವರಿಗೆ ಸಿಗುವುದು ನಿಮ್ಮ ಫೋಟೊ ಮಾತ್ರ. ತಿಂಗಳುಗಟ್ಟಲೆ ಕೂತು ಚಿತ್ರ ಬರೆದವರು, ರಾತ್ರಿ ಟ್ಯೂಬ್‌ಲೈಟ್ ಕೆಳಗೆ ಒಂದೇ ನಿಮಿಷದಲ್ಲಿ ಫೋಟೊ ತೆಗೆದು ಹಾಕುವುದನ್ನು ನೋಡಿದರೆ ನನಗೆ ತುಂಬಾ ಸಂಕಟವಾಗುತ್ತದೆ.

1. ಖಾತೆ

ಇನ್‌ಸ್ಟಾಗ್ರಾಂನಲ್ಲಿ ಚಿತ್ರಕ್ಕೆಂದೇ ಬೇರೆ ಖಾತೆ ತೆರೆಯಿರಿ. ಮನೆಯ ಹಬ್ಬದ ಫೋಟೊ ಅದರಲ್ಲಿ ಬೇಡ.

2. ಫೋಟೊ

ಚಿತ್ರಕ್ಕೆ ಗಾಜು ಹಾಕಿಸುವ ಮೊದಲೇ ತೆಗೆಯಿರಿ. ಬೆಳಿಗ್ಗೆ ಒಂಬತ್ತು, ಹತ್ತರ ಹೊತ್ತು ಒಳ್ಳೆಯದು. ನೇರ ಬಿಸಿಲು ಬೀಳದ ಕಿಟಕಿ ಹುಡುಕಿ. ಮನೆಯ ದೀಪಗಳನ್ನೆಲ್ಲ ಆರಿಸಿ. ಹಗಲ ಬೆಳಕಿಗೆ ಬಲ್ಬಿನ ಬೆಳಕು ಸೇರಿದರೆ ಬಣ್ಣ ಕೆಡುತ್ತದೆ. ಹೀಗೇ ಒಮ್ಮೆ ನಾನು ಬರೆದ ಲಕ್ಷ್ಮಿಯ ಕಡು ಹಸಿರು ಸೀರೆ ಫೋಟೊದಲ್ಲಿ ನೀಲಿಯಾಗಿ ಕಂಡಿತ್ತು. ತರಿಸಿಕೊಂಡವರು ವಾಪಸ್ ಕಳಿಸಿದರು. ಅವರದೇನೂ ತಪ್ಪಿರಲಿಲ್ಲ.

ಕಿಟಕಿ ಚಿತ್ರದ ಪಕ್ಕಕ್ಕೆ ಬರಬೇಕು, ನಿಮ್ಮ ಬೆನ್ನ ಹಿಂದೆ ಅಲ್ಲ. ಬೆಳಕು ಓರೆಯಾಗಿ ಬಿದ್ದರೆ ಮಾತ್ರ ಜೆಸ್ಸೊ ಕೆಲಸದ (ಚಿನ್ನದ ಕೆಳಗೆ ಉಬ್ಬಿಸಿ ಹಚ್ಚುವ ಲೇಪದ) ಉಬ್ಬು ಕಾಣುತ್ತದೆ. ಇನ್ನು ಚಿನ್ನ. ಅದು ಕನ್ನಡಿಯ ಹಾಗೆ, ಎದುರಿಗೆ ಏನಿದೆಯೋ ಅದನ್ನೇ ತೋರಿಸುತ್ತದೆ. ಎದುರು ಕತ್ತಲಿದ್ದರೆ ಕಪ್ಪಗೆ ಕಾಣುತ್ತದೆ, ಫ್ಲ್ಯಾಶ್ ಹಾಕಿದರೆ ಬೆಳ್ಳಗೆ ಸುಟ್ಟಂತೆ ಕಾಣುತ್ತದೆ. ಅದಕ್ಕೇ ಕಿಟಕಿಯ ಎದುರು ದಿಕ್ಕಿಗೆ, ಚಿತ್ರದ ಇನ್ನೊಂದು ಪಕ್ಕದಲ್ಲಿ, ಒಂದು ಬಿಳಿ ಪಂಚೆ ಹರವಿ. ಚಿನ್ನ ಚಿನ್ನದಂತೆಯೇ ಕಾಣುತ್ತದೆ. ಅಂದು ಕೆಂಪು ಬಟ್ಟೆ ಉಡಬೇಡಿ, ಅದರ ಛಾಯೆಯೂ ಚಿನ್ನದಲ್ಲಿ ಮೂಡುತ್ತದೆ.

ಚಿತ್ರ ಗೋಡೆಗೆ ಎಷ್ಟು ವಾಲಿದೆಯೋ ಫೋನನ್ನೂ ಅಷ್ಟೇ ವಾಲಿಸಿ, ಚಿತ್ರದ ನಡುಮಧ್ಯಕ್ಕೆ ಹಿಡಿಯಿರಿ. ಹತ್ತಿರ ಹೋಗಿ ತೆಗೆದರೆ ಮಂಟಪದ ಕಂಬಗಳು ಬಾಗುತ್ತವೆ. ಐದಾರು ಅಡಿ ಹಿಂದೆ ಸರಿದು, ಎರಡರಷ್ಟು ಜೂಮ್ ಮಾಡಿ. ತೆರೆಯ ಮೇಲೆ ಚಿನ್ನದ ಜಾಗವನ್ನು ಒತ್ತಿ ಹಿಡಿದು, ಒಡವೆಯ ಕುಸುರಿ ಸ್ಪಷ್ಟವಾಗುವವರೆಗೆ ಬೆಳಕು ಇಳಿಸಿ.

ಕಾಗದಪತ್ರ ಸ್ಕ್ಯಾನ್ ಮಾಡುವ ಆ್ಯಪ್‌ನಲ್ಲಿ ತೆಗೆದರೆ ಸುಲಭ ಅಲ್ವಾ ಅಂತ ಕೆಲವರು ಕೇಳುತ್ತಾರೆ. ಖಂಡಿತ ಬೇಡ. ಅವು ಅಕ್ಷರ ಎದ್ದು ಕಾಣಲೆಂದು ಮಾಡಿದವು, ತೆಳು ಬಣ್ಣಗಳನ್ನು ತಿಂದುಹಾಕುತ್ತವೆ. ಫಿಲ್ಟರ್ ಕೂಡ ಬೇಡ. ದೇವರ ಮುಖದ ಮೇಲೆ ಅಡ್ಡಡ್ಡ ಹೆಸರು ಹಾಕುವುದಂತೂ ಬೇಡವೇ ಬೇಡ, ಮೂಲೆಯ ಸಹಿ ಸಾಕು.

ಪೂರ್ತಿ ಚಿತ್ರ ಒಂದು, ಒಡವೆಯ ಹತ್ತಿರದ ನೋಟ ಒಂದು, ಅಳತೆ ತಿಳಿಯಲು ಕೈಯಲ್ಲಿ ಹಿಡಿದದ್ದು ಒಂದು ಇರಲಿ. ಜೊತೆಗೆ ಹತ್ತು ಸೆಕೆಂಡಿನ ವಿಡಿಯೊ ಬೇಕೇ ಬೇಕು. ಚಿತ್ರವನ್ನು ಕೈಯಲ್ಲಿ ನಿಧಾನವಾಗಿ ಓರೆ ಮಾಡುತ್ತಾ ತೆಗೆಯಿರಿ. ಸಂತೆಯಲ್ಲಿ ತಲೆ ವಾಲಿಸಿದಾಗ ಸಿಗುವ ಮಿನುಗು ಕೊಳ್ಳುವವರಿಗೆ ಸಿಗುವುದು ಇದರಲ್ಲೇ.

3. ಬೆಲೆ ಮತ್ತು ವಿವರ

ಬೆಲೆ ಬರೆಯಿರಿ. ‘ಬೆಲೆಗೆ ಮೆಸೇಜ್ ಮಾಡಿ’ ಅಂದರೆ ಸಂಕೋಚದವರು ಸುಮ್ನೆ ಮುಂದೆ ಹೋಗುತ್ತಾರೆ. ನಾನು ಚದರ ಇಂಚಿನ ಲೆಕ್ಕ ಹಾಕುತ್ತೇನೆ. 12ಕ್ಕೆ 16 ಇಂಚಿನ ಚಿತ್ರ ಅಂದರೆ 192 ಚದರ ಇಂಚು. ಇಂಚಿಗೆ 30 ರೂಪಾಯಿಯಂತೆ 5,760 ರೂಪಾಯಿ. ಚಿನ್ನ, ಫ್ರೇಮಿನ ಖರ್ಚು ಬೇರೆ. ಆಗ ಒಬ್ಬರಿಗೊಂದು, ಇನ್ನೊಬ್ಬರಿಗೊಂದು ಬೆಲೆ ಹೇಳುವ ಗೊಂದಲ ಇರುವುದಿಲ್ಲ.

ಅಪ್ಪಟ ಚಿನ್ನದ ರೇಕೋ, ಇಮಿಟೇಶನ್ ಹಾಳೆಯೋ ಎಂಬುದನ್ನು ತಪ್ಪದೇ ತಿಳಿಸಿ. ಇಮಿಟೇಶನ್ ಅಂತ ಬಳಸುವ ಹಿತ್ತಾಳೆಯ ಹಾಳೆ ವರ್ಷ ಕಳೆದಂತೆ ಕಪ್ಪಾಗುತ್ತದೆ. ಮೈಸೂರು ಸಾಂಪ್ರದಾಯಿಕ ಚಿತ್ರಕಲೆಗೆ 2005ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿನ ಕಲೆಯನ್ನು ಕಾಪಾಡುವ ಭೌಗೋಳಿಕ ಗುರುತು) ಸಿಕ್ಕಿದೆ. ಪ್ರಿಂಟ್ ಮೇಲೆ ಹಾಳೆ ಅಂಟಿಸಿ ಅದೇ ಹೆಸರಲ್ಲಿ ಮಾರಿದರೆ, ಕೈಯಲ್ಲಿ ಬರೆಯುವ ಎಲ್ಲರ ಅನ್ನಕ್ಕೂ ಕುತ್ತು.

4. ಹಣ

ಯುಪಿಐ ಸಾಕು. ಹಣ ಪಡೆಯಲು ಪಿನ್ ಒತ್ತಬೇಕಿಲ್ಲ. ‘ಕ್ಯೂಆರ್ ಕಳಿಸಿದ್ದೇನೆ, ಸ್ಕ್ಯಾನ್ ಮಾಡಿ ಪಿನ್ ಹಾಕಿ’ ಅನ್ನುವವರು ಮೋಸಗಾರರು.

5. ಪ್ಯಾಕಿಂಗ್

ಗಾಜು ಹಾಕಿ ಕಳಿಸಬೇಡಿ. ದಾರಿಯಲ್ಲಿ ಒಡೆದ ಗಾಜು ನನ್ನ ಒಂದು ಕೃಷ್ಣನ ಚಿತ್ರದ ಚಿನ್ನವನ್ನೆಲ್ಲ ಗೀಚಿಹಾಕಿತ್ತು. ಚಿತ್ರದ ಮೇಲೆ ಬಟರ್ ಪೇಪರ್, ಎರಡೂ ಕಡೆ ದಪ್ಪ ರಟ್ಟು, ಆಮೇಲೆ ಬಬಲ್ ರ‍್ಯಾಪ್. ಬಬಲ್ ರ‍್ಯಾಪ್ ನೇರವಾಗಿ ಬಣ್ಣಕ್ಕೆ ತಾಗಿದರೆ ಗುಳ್ಳೆಗಳ ಅಚ್ಚು ಉಳಿಯುತ್ತದೆ. ನಾಲ್ಕು ಮೂಲೆಗೆ ಜಾಸ್ತಿ ರಟ್ಟು ಇಡಿ, ಪೆಟ್ಟು ಬೀಳುವುದು ಅಲ್ಲೇ.

6. ಹೇಳಿ ಬರೆಸುವವರು ಬಂದಾಗ

ನೀವೇ ಬರೆದು ಮಾರಿದ ಚಿತ್ರದ ಹಕ್ಕುಸ್ವಾಮ್ಯ (ಕಾಪಿರೈಟ್), ಲಿಖಿತವಾಗಿ ಬಿಟ್ಟುಕೊಡದ ಹೊರತು, ನಿಮ್ಮಲ್ಲೇ ಉಳಿಯುತ್ತದೆ. ದುಡ್ಡು ಕೊಟ್ಟು ಹೇಳಿ ಬರೆಸಿದ ಚಿತ್ರ ಹಾಗಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೊದಲ ಹಕ್ಕು ಬರೆಸಿದವರದು. ಆದ್ದರಿಂದ ‘ಹಕ್ಕುಸ್ವಾಮ್ಯ ಕಲಾವಿದರದು, ಒಪ್ಪಿಗೆಯೇ?’ ಎಂದು ಅಡ್ವಾನ್ಸ್ ಪಡೆಯುವ ಮೊದಲೇ ವಾಟ್ಸ್‌ಆ್ಯಪ್‌ನಲ್ಲಿ ಕೇಳಿ. ಅವರ ಉತ್ತರವನ್ನು ಅಳಿಸದೆ ಇಟ್ಟುಕೊಳ್ಳಿ.