ಪರದೇಶದ ಬಾಣಂತನಕ್ಕೆ ತವರಿನ ತಯಾರಿ

ರಾಯಚೂರು, ಸಿಂಧನೂರು, ಮಾನ್ವಿ ಕಡೆಯ ಮನೆಗಳಲ್ಲಿ ಚೊಚ್ಚಲ ಹೆರಿಗೆ ತವರಿನದು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಕುಬಸ ಮಾಡಿ, ಹಸಿರು ಸೀರೆ ಉಡಿಸಿ, ಉಡಿ ತುಂಬಿ ಮಗಳನ್ನು ಕರೆತಂದ ಮೇಲೆ ಅವಳ ಊಟ, ಸ್ನಾನ, ನಿದ್ದೆ, ಕೂಸಿನ ಆರೈಕೆ ಎಲ್ಲವನ್ನೂ ಅವ್ವ, ಅಜ್ಜಿ, ಚಿಕ್ಕಮ್ಮ, ಓಣಿಯ ಹಿರಿಯರು ತಮ್ಮತಮ್ಮಲ್ಲಿ ಹಂಚಿಕೊಂಡುಬಿಡುತ್ತಾರೆ. ಮಗಳು ಡಲ್ಲಾಸಿನಲ್ಲೋ ಲಂಡನ್ನಿನಲ್ಲೋ ದುಬೈಯಲ್ಲೋ ಇದ್ದಾಗ ಇಷ್ಟು ಜನರ ಕೆಲಸ ಗಂಡಹೆಂಡಿರಿಬ್ಬರ ಮೇಲೆ ಬೀಳುತ್ತದೆ. ಮಗಳ ಬಾಣಂತನಕ್ಕೂ ಆಮೇಲೆ ಸೊಸೆಯ ಬಾಣಂತನಕ್ಕೂ ಹೊರದೇಶಕ್ಕೆ ಹೋಗಿದ್ದವಳಾಗಿ ನಾನು ಕಂಡುಕೊಂಡದ್ದೇನೆಂದರೆ, ಬಾಣಂತನದ ತಿರುಳು ತಾಯಿಗೆ ಸಿಗುವ ವಿಶ್ರಾಂತಿ, ಹೊತ್ತಿಗೆ ಸರಿಯಾದ ಬಿಸಿ ಊಟ ಮತ್ತು ಪಕ್ಕದಲ್ಲೊಬ್ಬ ಭರವಸೆಯ ಮನುಷ್ಯ. ಈ ಮೂರನ್ನು ಬಿಡದೆ ಉಳಿಸಿಕೊಂಡು, ಉಳಿದ ಪದ್ಧತಿಗಳನ್ನು ಆ ದೇಶದ ಮನೆ, ಹವೆ, ಕಾನೂನುಗಳಿಗೆ ಹೊಂದಿಸಿಕೊಳ್ಳಲು ನಾವು ಹಿರಿಯರು ಮೊದಲು ಮನಸ್ಸು ಮಾಡಬೇಕು.

ಮದುವೆಯಾಗಿ ಹೊರದೇಶಕ್ಕೆ ಹೊರಟ ಹೆಣ್ಣುಮಕ್ಕಳು ಬಸಿರಿನ ಯೋಚನೆಗೂ ಮೊದಲೇ ಕಾಗದಪತ್ರಗಳನ್ನು ಸರಿಮಾಡಿಕೊಳ್ಳಬೇಕು. ನಮ್ಮ ಭಾಗದಲ್ಲಿ ಮದುವೆಯನ್ನು ಉಪನೋಂದಣಿ ಕಚೇರಿಯಲ್ಲಿ ದಾಖಲಿಸುವ ರೂಢಿ ಈಗಲೂ ಕಡಿಮೆ. ಲಗ್ನಪತ್ರಿಕೆ ಮತ್ತು ಫೋಟೊ ಸಾಕೆಂದು ಬಿಟ್ಟುಬಿಡುತ್ತಾರೆ. ಕೊಲ್ಲಿ ದೇಶಗಳಲ್ಲಿ ಹೆರಿಗೆಯ ನಂತರ ಜನನಪತ್ರ ಪಡೆಯುವಾಗ ದೃಢೀಕರಿಸಿದ ವಿವಾಹ ಪ್ರಮಾಣಪತ್ರವನ್ನು ಕೇಳುತ್ತಾರೆ, ಅಷ್ಟು ಹೊತ್ತಿಗೆ ಇಲ್ಲಿಂದ ಅದನ್ನು ಮಾಡಿಸಿ ಕಳಿಸುವುದು ಬಹಳ ತ್ರಾಸದ ಕೆಲಸ. ಇನ್ನೊಂದು ತೊಡಕು ಹೆಸರಿನದು. ನಮ್ಮಲ್ಲಿ ಅನೇಕರ ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಸಾಲು ಖಾಲಿಯಾಗಿರುತ್ತದೆ. ಅಂಥವರ ಅಮೆರಿಕದ ವೀಸಾದಲ್ಲಿ ಇಡೀ ಹೆಸರು ಮನೆತನದ ಹೆಸರಿನ ಜಾಗಕ್ಕೆ ಸರಿದು, ಸ್ವಂತ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಸ್ವಂತ ಹೆಸರು ಗೊತ್ತಿಲ್ಲ) ಎಂಬ ಮೂರು ಅಕ್ಷರಗಳು ಅಚ್ಚಾಗುತ್ತವೆ. ಅದೇ ಆಸ್ಪತ್ರೆಯ ದಾಖಲೆಗೂ ವಿಮೆಗೂ ಹೋಗಿ, ಕೊನೆಗೆ ಕೂಸಿನ ಜನನಪತ್ರದಲ್ಲಿ ತಾಯಿಯ ಹೆಸರಾಗಿ ಕುಳಿತುಬಿಡಬಹುದು. ಆದ್ದರಿಂದ ಪಾಸ್‌ಪೋರ್ಟನ್ನು ಮದುವೆಯ ಹೊತ್ತಿನಲ್ಲೇ ತಿದ್ದಿಸಿಕೊಳ್ಳುವುದು ಜಾಣತನ. ರಕ್ತದ ಗುಂಪು, ಥೈರಾಯ್ಡ್ ವರದಿ, ಹಿಂದಿನ ಶಸ್ತ್ರಚಿಕಿತ್ಸೆಗಳ ವಿವರ, ಹಾಕಿಸಿಕೊಂಡ ಲಸಿಕೆಗಳ ಪಟ್ಟಿ ಇವೆಲ್ಲ ಒಂದು ಕಡತದಲ್ಲಿರಲಿ. ತಾಯಿಯ ರಕ್ತ ನೆಗೆಟಿವ್ ಗುಂಪಿನದಾಗಿದ್ದರೆ ಅದನ್ನು ಮೊದಲ ಭೇಟಿಯಲ್ಲೇ ಹೇಳಬೇಕು, ಏಕೆಂದರೆ ಅದಕ್ಕೆ ಬೇರೆಯೇ ಚುಚ್ಚುಮದ್ದು ಬೇಕಾಗುತ್ತದೆ.

ಬಸಿರು ನಿಲ್ಲುವ ಮೊದಲಿನಿಂದಲೇ ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಮ್ಲ ತೆಗೆದುಕೊಳ್ಳಬೇಕೆಂದು ಎಲ್ಲ ದೇಶಗಳ ವೈದ್ಯರೂ ಹೇಳುತ್ತಾರೆ. ಬಸಿರು ಖಚಿತವಾದ ಕೂಡಲೇ ಅಲ್ಲಿನ ವೈದ್ಯರಲ್ಲಿ ಹೆಸರು ನೋಂದಾಯಿಸಬೇಕು. ಬ್ರಿಟನ್ನಿನಲ್ಲಿ ಎಲ್ಲವೂ ಸರಿಯಾಗಿದ್ದರೆ ದೊಡ್ಡ ಡಾಕ್ಟರು ಮುಖ ತೋರಿಸುವುದೇ ಅಪರೂಪ, ತರಬೇತಿ ಪಡೆದ ಸೂಲಗಿತ್ತಿಯರೇ ಮೊದಲಿನಿಂದ ಕೊನೆಯವರೆಗೆ ನೋಡಿಕೊಳ್ಳುತ್ತಾರೆ. ಇದನ್ನು ಕೇಳಿ ಇಲ್ಲಿನ ತಾಯಂದಿರು, ನಮ್ಮ ಮಗಳನ್ನು ಡಾಕ್ಟರು ನೋಡುತ್ತಲೇ ಇಲ್ಲ ಎಂದು ಗಾಬರಿಯಾಗಬಾರದು. ಅವರ ಕಲಿಕೆ ಆಳವಾದದ್ದು, ಅವರ ಮಾತಿಗೆ ಬೆಲೆ ಕೊಡಬೇಕು. ಜರ್ಮನಿಯಲ್ಲಿ ಹೆರಿಗೆಯ ನಂತರ ಸೂಲಗಿತ್ತಿ ಮನೆಗೇ ಬಂದು ತಾಯಿ ಮಗುವನ್ನು ನೋಡುವ ಸೌಲಭ್ಯ ವಿಮೆಯಲ್ಲೇ ಇದೆ. ಆದರೆ ಅವರು ಕೊನೆಯ ಗಳಿಗೆಯಲ್ಲಿ ಸಿಗುವುದಿಲ್ಲವಾದ್ದರಿಂದ ಮೊದಲ ತಿಂಗಳುಗಳಲ್ಲೇ ಒಬ್ಬರನ್ನು ಗೊತ್ತುಮಾಡಿಕೊಂಡಿರಬೇಕು. 24ರಿಂದ 28ನೆಯ ವಾರದ ನಡುವೆ ಮಾಡುವ ಸಕ್ಕರೆಯ ಪರೀಕ್ಷೆಯನ್ನು ಮಾತ್ರ ತಪ್ಪಿಸಲೇಬೇಡಿ, ಬಸಿರಿನ ಸಕ್ಕರೆ ಕಾಯಿಲೆ ನಮ್ಮ ದೇಶದ ಹೆಣ್ಣುಮಕ್ಕಳಲ್ಲಿ ಹೆಚ್ಚು. ಇಬ್ಬರ ಊಟ ಮಾಡಬೇಕೆಂಬ ಹಿರಿಯರ ಒತ್ತಾಯ ಅಲ್ಲಿಗೆ ನಿಲ್ಲಲಿ.

ತಲೆನೋವಿನೊಂದಿಗೆ ಕಣ್ಣು ಮಂಜಾಗುವುದು, ಮುಖ ಕೈಗಳು ಹಠಾತ್ತನೆ ಊದಿಕೊಳ್ಳುವುದು, ರಕ್ತ ಕಾಣಿಸುವುದು, ನೀರು ಹೋಗುವುದು, ಕೂಸಿನ ಅಲುಗಾಟ ಎಂದಿಗಿಂತ ಕಡಿಮೆಯಾಗುವುದು, ಇವುಗಳಲ್ಲಿ ಯಾವುದೊಂದು ಕಂಡರೂ ತವರಿಗೆ ಫೋನು ಮಾಡಿ ಮದ್ದು ಕೇಳುತ್ತ ಕೂಡಬಾರದು. ಮೊದಲು ಆಸ್ಪತ್ರೆಗೆ ಕರೆ ಮಾಡಬೇಕು. ನಡುರಾತ್ರಿ ಮಗಳು ಕರೆ ಮಾಡಿದರೆ ನಾವು ಹೇಳಬೇಕಾದದ್ದೂ ಅದನ್ನೇ. ತುರ್ತು ಸಂಖ್ಯೆ ಅಮೆರಿಕದಲ್ಲಿ 911, ಬ್ರಿಟನ್ನಿನಲ್ಲಿ 999, ಆಸ್ಟ್ರೇಲಿಯದಲ್ಲಿ 000, ದುಬೈಯಲ್ಲಿ ಆಂಬುಲೆನ್ಸಿಗೆ 998. ಅಲ್ಲಿಗೆ ಹೋಗುವ ಅವ್ವನಿಗೂ ಅತ್ತೆಗೂ ಈ ಸಂಖ್ಯೆಯನ್ನು, ಮನೆಯ ವಿಳಾಸವನ್ನು ಬಾಯಿಪಾಠ ಮಾಡಿಸಬೇಕು, ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಬೇಕು.

ಮಗಳೇ ಊರಿಗೆ ಬರಬೇಕೋ, ತಾಯಿ ಅಲ್ಲಿಗೆ ಹೋಗಬೇಕೋ ಎಂಬುದನ್ನು ನಾಲ್ಕನೆಯ ತಿಂಗಳಿಗೇ ತೀರ್ಮಾನಿಸುವುದು ಒಳ್ಳೆಯದು. 28ನೆಯ ವಾರದ ನಂತರ ಅನೇಕ ವಿಮಾನ ಸಂಸ್ಥೆಗಳು ವೈದ್ಯರ ಪತ್ರ ಕೇಳುತ್ತವೆ, 36 ವಾರ ದಾಟಿದ ಮೇಲೆ ಸಾಮಾನ್ಯವಾಗಿ ಹತ್ತಿಸಿಕೊಳ್ಳುವುದಿಲ್ಲ, ಅವಳಿ ಇದ್ದರೆ ಅದಕ್ಕೂ ಮೊದಲೇ ತಡೆಯುತ್ತಾರೆ. ತಾಯಿಯೇ ಹೋಗುವುದಾದರೆ ವೀಸಾ ಸಂದರ್ಶನಕ್ಕೆ ದಿನ ಸಿಗಲು ತಿಂಗಳುಗಳೇ ಹಿಡಿಯಬಹುದು. ತನ್ನ ಬಿಪಿ, ಸಕ್ಕರೆಯ ಮಾತ್ರೆಗಳನ್ನು ಡಾಕ್ಟರ ಚೀಟಿಯ ಸಮೇತ ಒಯ್ಯಬೇಕು, ಪ್ರವಾಸಿ ವಿಮೆಯನ್ನು ಮಾಡಿಸಲೇಬೇಕು. ನಾಯಿಕೆಮ್ಮಿನ ಲಸಿಕೆಯನ್ನು ಹೊರಡುವ ಎರಡು ವಾರ ಮೊದಲೇ ಹಾಕಿಸಿಕೊಂಡರೆ ಕೂಸನ್ನು ನಿಶ್ಚಿಂತೆಯಿಂದ ಎತ್ತಿಕೊಳ್ಳಬಹುದು. ಬೀಗರಿಬ್ಬರೂ ಒಟ್ಟಿಗೇ ಹೋಗಿ ಸಣ್ಣ ಮನೆಯಲ್ಲಿ ತುಂಬಿಕೊಳ್ಳುವುದು ನನಗೆ ಸರಿಕಾಣುವುದಿಲ್ಲ. ಹೆರಿಗೆಗೆ ಮೂರು ವಾರ ಮುಂಚೆ ತವರಿನವರು ಹೋಗಿ ಮೂರು ತಿಂಗಳಿದ್ದು, ಅವರು ಹೊರಡುವ ಹೊತ್ತಿಗೆ ಅತ್ತೆಯವರು ಹೋದರೆ ಮಗಳಿಗೆ ಅರ್ಧ ವರ್ಷದ ಆಸರೆ ಸಿಗುತ್ತದೆ.

ಇನ್ನು ಒಯ್ಯುವ ಗಂಟಿನ ವಿಷಯ. ಅಂಟಿನುಂಡಿಗೆ ಗಸಗಸೆ ಹಾಕುವ ಪದ್ಧತಿ ನಮ್ಮಲ್ಲಿದೆ. ಆದರೆ ದುಬೈ, ಸೌದಿ, ಸಿಂಗಪುರಗಳಲ್ಲಿ ಗಸಗಸೆ ಮಾದಕವಸ್ತುವಿನ ಕಾನೂನಿಗೆ ಒಳಪಟ್ಟ ನಿಷೇಧಿತ ವಸ್ತು, ಉಂಡೆಯೊಳಗೆ ಒಂದು ಚಮಚೆಯಿದ್ದರೂ ಜೈಲಿನವರೆಗೆ ಹೋಗುವ ಸಂಗತಿ. ಆ ದೇಶಗಳಿಗೆ ಹೊರಟವರು ಅದನ್ನು ಸಂಪೂರ್ಣ ಬಿಡಬೇಕು. ಒಣಕೊಬ್ಬರಿಯ ಬಟ್ಟಲುಗಳನ್ನು ಬೇಗ ಬೆಂಕಿ ಹತ್ತುವ ವಸ್ತುವೆಂದು ನಮ್ಮ ವಿಮಾನನಿಲ್ದಾಣಗಳಲ್ಲೇ ತೆಗೆಸಿಬಿಡುತ್ತಾರೆ. ಅಮೆರಿಕಕ್ಕೆ ಹಸಿ ಕರಿಬೇವು ಒಯ್ಯುವಂತಿಲ್ಲ. ಆಸ್ಟ್ರೇಲಿಯದಲ್ಲಂತೂ ತುಪ್ಪ, ಬೀಜ, ಕಾಳು ಏನೇ ಇದ್ದರೂ ಬರೆದುಕೊಟ್ಟ ಮೇಲೆಯೇ ಒಳಗೆ ಬಿಡುವುದು. ಈ ಎರಡು ದೇಶಗಳಲ್ಲಿ ಅನುಮಾನ ಬಂದ ವಸ್ತುವನ್ನು ಅಧಿಕಾರಿಗಳಿಗೆ ತೋರಿಸಿದರೆ ಹೆಚ್ಚೆಂದರೆ ಅದನ್ನು ಎಸೆಯುತ್ತಾರೆ, ಮುಚ್ಚಿಟ್ಟರೆ ದಂಡ ಬೀಳುತ್ತದೆ. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅಂಟು, ಅಳವಿ, ಶುಂಠಿಪುಡಿ, ಹತ್ತಿಯ ಹಳೆಯ ಮೆತ್ತನೆ ಸೀರೆಗಳು, ಇವು ಒಯ್ಯಲು ಯೋಗ್ಯವಾದವು. ಜೋಳದ ಹಿಟ್ಟು, ಮೆಂತ್ಯ, ಉತ್ತತ್ತಿ, ಬೆಲ್ಲ ಅಲ್ಲಿನ ಭಾರತೀಯ ಅಂಗಡಿಗಳಲ್ಲಿ ಸಿಗುತ್ತವೆ, ಸಬ್ಬಸಿಗೆ ಸೊಪ್ಪು ಅಲ್ಲಿನವರ ಅಂಗಡಿಯಲ್ಲೇ ದೊರೆಯುತ್ತದೆ.

ಅಂಟಿನುಂಡಿಯನ್ನು ಅಲ್ಲಿಯೇ ಕಟ್ಟುವುದು ಲೇಸು. ಅಂಟನ್ನು ಸಣ್ಣ ಹರಳುಗಳಾಗಿ ಒಡೆದು, ತುಪ್ಪದಲ್ಲಿ ನಾಲ್ಕಾರು ಹರಳುಗಳನ್ನಷ್ಟೇ ಹಾಕಿ ಸಣ್ಣ ಉರಿಯಲ್ಲಿ ಅರಳಿಸಬೇಕು. ಒಂದನ್ನು ಬೆರಳಲ್ಲಿ ಹಿಸುಕಿದರೆ ನಡುವೆ ಗಟ್ಟಿ ಉಳಿಯದೆ ಪೂರ್ತಿ ಪುಡಿಯಾಗಬೇಕು, ಇಲ್ಲವಾದರೆ ತಿನ್ನುವಾಗ ಹಲ್ಲಿಗೆ ಅಂಟುತ್ತದೆ. ಅಲ್ಲಿನ ವಿದ್ಯುತ್ ಒಲೆಯನ್ನು ಆರಿಸಿದ ಮೇಲೂ ಕಾವು ಬಹಳ ಹೊತ್ತು ಉಳಿಯುವುದರಿಂದ ಬಾಣಲೆಯನ್ನೇ ಕೆಳಗಿಳಿಸಬೇಕು. ಕೊಬ್ಬರಿ ತುರಿ, ಬೀಜ ತೆಗೆದು ಕುಟ್ಟಿದ ಉತ್ತತ್ತಿ, ಬಾದಾಮಿ, ಗೋಡಂಬಿಗಳನ್ನು ಬೇರೆಬೇರೆಯಾಗಿ ಹುರಿದು, ಬೆಲ್ಲವನ್ನು ನೀರು ಹಾಕದೆ ಸ್ವಲ್ಪ ತುಪ್ಪದಲ್ಲೇ ಕರಗಿಸಿ, ಜಾಜಿಕಾಯಿ ಏಲಕ್ಕಿ ಬೆರೆಸಿ ಬಿಸಿಯಿರುವಾಗಲೇ ಕಟ್ಟಿದರೆ ವಾರಗಟ್ಟಲೆ ಕೆಡುವುದಿಲ್ಲ. ಬಸಿರಿನಲ್ಲಿ ಸಕ್ಕರೆ ಬಂದವರಿಗೆ ದಿನಕ್ಕೊಂದು ಸಣ್ಣ ಉಂಡೆಯೂ ಡಾಕ್ಟರನ್ನು ಕೇಳಿಯೇ.

ಹೆರಿಗೆಗೆ ಮೊದಲಿನ ತಿಂಗಳಲ್ಲಿ ಬೇಳೆ, ಸೊಪ್ಪಿನ ಪಲ್ಯ, ಗೋಧಿ ನುಚ್ಚಿನ ಹುಗ್ಗಿಗಳನ್ನು ಒಂದೊಂದು ಊಟಕ್ಕಾಗುವಷ್ಟು ಡಬ್ಬಿಗಳಲ್ಲಿ ತುಂಬಿ, ತಾರೀಖು ಬರೆದು ಫ್ರೀಜರಿನಲ್ಲಿಡುವುದು ಬಹಳ ಉಪಕಾರಿ. ನಿನ್ನೆಯದನ್ನು ಬಾಣಂತಿಗೆ ಹಾಕುವುದೇ ಎಂದು ಹಿರಿಯರು ಮುಖ ಗಂಟುಹಾಕಬಾರದು. ಆಗಾಗ ಎದ್ದು ಹಾಲು ಕುಡಿಸಿ ಬೆಳಗು ಮಾಡಿದವಳಿಗೆ ಹತ್ತು ನಿಮಿಷದಲ್ಲಿ ಸಿಕ್ಕ ಬಿಸಿ ಊಟವೇ ಪಥ್ಯ. ಕಾರಿನಲ್ಲಿ ಕೂಸಿಗೆಂದೇ ಇರುವ ಆಸನ ಇಲ್ಲದಿದ್ದರೆ ಅಮೆರಿಕದ ಆಸ್ಪತ್ರೆಗಳು ಮನೆಗೆ ಕಳಿಸಲು ಒಪ್ಪುವುದಿಲ್ಲ. ಅದನ್ನು ಹಿಂದಿನ ಸೀಟಿನಲ್ಲಿ, ಕೂಸಿನ ಮುಖ ಹಿಮ್ಮುಖವಾಗುವಂತೆ ಮುಂಚೆಯೇ ಕೂಡಿಸಿ ಕಲಿತಿರಬೇಕು. ಚಳಿಯೆಂದು ದಪ್ಪ ಕೋಟು ತೊಡಿಸಿ ಪಟ್ಟಿ ಬಿಗಿಯಬಾರದು, ಪಟ್ಟಿ ಬಿಗಿದ ಮೇಲೆ ಹೊದಿಸಬೇಕು.

ಆಸ್ಪತ್ರೆಯಲ್ಲಿ ಹೆರಿಗೆಕೋಣೆಯೊಳಗೆ ಗಂಡನೇ ಜೊತೆಗಿರುತ್ತಾನೆ, ಆದ್ದರಿಂದ ಬಸುರಿಯರ ತರಗತಿಗೆ ಅವನೂ ಹೋಗಬೇಕು. ಸಹಜ ಹೆರಿಗೆಯಾದರೆ ಒಂದೆರಡು ದಿನಗಳಲ್ಲೇ, ಬ್ರಿಟನ್ನಿನಲ್ಲಿ ಕೆಲವೊಮ್ಮೆ ಅದೇ ದಿನವೇ, ಮನೆಗೆ ಕಳಿಸುತ್ತಾರೆ. ನಮ್ಮಲ್ಲಿ ಹೆಸರಿಡುವುದು ತೊಟ್ಟಿಲ ದಿನ. ಅಮೆರಿಕದಲ್ಲಿ ಮನೆಗೆ ಹೊರಡುವ ಮುನ್ನವೇ ಜನನದ ಅರ್ಜಿಯಲ್ಲಿ ಹೆಸರು ಕೇಳುತ್ತಾರೆ, ಇಂಗ್ಲೆಂಡಿನಲ್ಲಾದರೆ 42 ದಿನಗಳ ಅವಕಾಶವಿದೆ. ಜನ್ಮನಕ್ಷತ್ರದ ಅಕ್ಷರಕ್ಕೆ ಕಾಯುವ ಮನೆಯವರು ಕೆಲವು ಹೆಸರುಗಳನ್ನು ಮೊದಲೇ ಆರಿಸಿಟ್ಟುಕೊಂಡು, ಹುಟ್ಟಿದ ಗಳಿಗೆಯಲ್ಲೇ ಊರಿನ ಸ್ವಾಮಿಗಳನ್ನು ಕೇಳಿ ತೀರ್ಮಾನಿಸಿದರೆ, ತೊಟ್ಟಿಲಲ್ಲಿ ಕರೆಯುವ ಹೆಸರೂ ಕಾಗದದ ಹೆಸರೂ ಒಂದೇ ಆಗುತ್ತವೆ. ಅಮೆರಿಕದಲ್ಲಿ ನೌಕರಿಯ ವಿಮೆಗೆ ಕೂಸನ್ನು ಸೇರಿಸುವ ಗಡುವು ಸಾಮಾನ್ಯವಾಗಿ 30 ದಿನ. ಇದು ತಪ್ಪಿದರೆ ಬೀಳುವ ಖರ್ಚು ಸಣ್ಣದಲ್ಲ.

ನಮ್ಮ ಕೆಲವು ಪದ್ಧತಿಗಳನ್ನು ಬಿಡಲೇಬೇಕೆಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಹುಟ್ಟಿದ ಕೂಸಿನ ನಾಲಿಗೆಗೆ ಜೇನುತುಪ್ಪ ನೆಕ್ಕಿಸಬಾರದು. ಅದರಲ್ಲಿರಬಹುದಾದ ಒಂದು ಬಗೆಯ ಸೂಕ್ಷ್ಮಜೀವಿಯಿಂದ ಕೂಸಿನ ಸ್ನಾಯುಗಳೇ ಶಕ್ತಿಗುಂದುವ ಕಾಯಿಲೆ ಬರುತ್ತದೆ, ವರ್ಷ ತುಂಬುವವರೆಗೆ ಜೇನು ಬೇಡ. ಬಜೆ ತೇಯ್ದು ಹಾಕುವುದು, ಕಣ್ಣಿಗೆ ಕಾಡಿಗೆ ತೀಡುವುದು, ಮೂಗು ಕಿವಿಗೆ ಎಣ್ಣೆ ಬಿಡುವುದು, ಹೊಕ್ಕುಳಿಗೆ ಅರಿಷಿಣ ಹಚ್ಚುವುದು, ಇವೂ ಬೇಡ. ಕಾಡಿಗೆಯಲ್ಲಿ ಸೀಸವಿರುವ ಸಾಧ್ಯತೆಯಿದೆ. ಮುಚ್ಚಿದ ಮನೆಯಲ್ಲಿ ಅಗ್ಗಿಷ್ಟಿಕೆ ಹೊತ್ತಿಸಿ ಲೋಬಾನದ ಹೊಗೆ ಹಾಕಿದರೆ ವಿಷಾನಿಲ ತುಂಬಿಕೊಳ್ಳುತ್ತದೆ, ಬೆಂಕಿಯ ಎಚ್ಚರಿಕೆಯ ಗಂಟೆ ಬಾರಿಸಿ ಇಡೀ ಕಟ್ಟಡದವರು ಹೊರಗೆ ಓಡಿಬರುತ್ತಾರೆ. ಕೂಸನ್ನು ನಿಮ್ಮ ಮಂಚದ ಪಕ್ಕದಲ್ಲೇ ಅದರದೇ ತೊಟ್ಟಿಲಿನಲ್ಲಿ, ಗಟ್ಟಿ ಹಾಸಿಗೆಯ ಮೇಲೆ, ಅಂಗಾತ ಮಲಗಿಸಿ. ತಲೆದಿಂಬು, ಕೌದಿ, ಕುಂಚಿಗೆ ಮಲಗುವಾಗ ಬೇಡ. ಪ್ರೀತಿಯಿಂದ ಹೊಲಿಸಿದ ಕೌದಿಯನ್ನು ಎಚ್ಚರವಿದ್ದಾಗ ನೆಲಕ್ಕೆ ಹಾಸಿ ಆಡಿಸಬಹುದು. ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಮೊದಲ ಹಳದಿ ಹಾಲು ಸಿಗಬೇಕು, ಆರು ತಿಂಗಳವರೆಗೆ ನೀರೂ ಬೇಕಿಲ್ಲ. ಮೈ ಹಳದಿಯಾದರೆ ಬಿಸಿಲಿಗೆ ಹಿಡಿದು ಸುಮ್ಮನಾಗಬಾರದು, ತೋರಿಸಬೇಕು. ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ಜ್ವರ ಬಂದರೆ ಆಸ್ಪತ್ರೆಗೆ ಹೋಗಲು ಬೆಳಗಾಗುವವರೆಗೆ ಕಾಯಬಾರದು.

ಎರೆಯುವ ಸಂಭ್ರಮವನ್ನು ಮಾತ್ರ ಪೂರ್ತಿ ಬಿಡಬೇಕಾಗಿಲ್ಲ. ಹೊಕ್ಕುಳ ಬಳ್ಳಿ ಉದುರುವವರೆಗೆ ಒದ್ದೆ ಬಟ್ಟೆಯಿಂದ ಒರೆಸಿ, ಆಮೇಲೆ ನೆಲದ ಮೇಲಿಟ್ಟ ಸಣ್ಣ ಟಬ್ಬಿನಲ್ಲಿ, ಮೊಳಕೈಗೆ ಬೆಚ್ಚಗೆನಿಸುವಷ್ಟೇ ಬಿಸಿಯ ನೀರಿನಲ್ಲಿ ಸ್ನಾನ ಮಾಡಿಸಬಹುದು. ಬಾಣಂತಿಗೆ ಹೊಲಿಗೆ ಬಿದ್ದಿದ್ದರೆ ಎಣ್ಣೆ ಹಚ್ಚಿ ತಿಕ್ಕುವ ಮೊದಲು ಡಾಕ್ಟರ ಅಪ್ಪಣೆ ಪಡೆಯಬೇಕು. ಗಂಟೆಗೊಂದು ಪ್ಯಾಡ್ ತೊಯ್ದುಹೋಗುವಷ್ಟು ರಕ್ತ, ಜ್ವರ, ಒಂದೇ ಕಾಲಿನಲ್ಲಿ ನೋವು ಬಾವು ಕಂಡರೆ ತಡಮಾಡದೆ ಹೊರಡಬೇಕು.

ಎಲ್ಲಕ್ಕಿಂತ ಹೆಚ್ಚು ಗಮನ ಬೇಕಾದದ್ದು ತಾಯಿಯ ಮನಸ್ಸಿಗೆ. ಹೆರಿಗೆಯ ಮೊದಲ ಹತ್ತು ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುವುದು ಸಹಜ. ಎರಡು ವಾರ ಕಳೆದರೂ ಅಳು ನಿಲ್ಲದೆ, ಕೂಸು ನಿದ್ದೆಹೋದರೂ ತನಗೆ ನಿದ್ದೆ ಬಾರದೆ, ಬದುಕೇ ಬೇಡವೆನಿಸುತ್ತಿದ್ದರೆ ಅದು ಚಿಕಿತ್ಸೆಯಿಂದ ಗುಣವಾಗುವ ಕಾಯಿಲೆ. ಅದನ್ನು ದೃಷ್ಟಿಯೆಂದೋ ಹಟವೆಂದೋ ತಳ್ಳಿಹಾಕಬಾರದು. ಹಿಮ ಬೀಳುವ ಊರಿನಲ್ಲಿ ನಾಲ್ಕು ಗಂಟೆಗೇ ಕತ್ತಲಾಗಿ, ಕಿಟಕಿಯಾಚೆ ಒಬ್ಬ ಮನುಷ್ಯನೂ ಕಾಣದಿರುವಾಗ ಆ ಒಂಟಿತನ ಎಷ್ಟು ಭಾರವೆಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅಲ್ಲಿರುವ ಹಿರಿಯರು ಕೂಸನ್ನೇ ಹಿಡಿದುಕೊಂಡು ಕೂಡದೆ, ದಿನಕ್ಕೊಮ್ಮೆಯಾದರೂ ಮಗಳ ಪಕ್ಕದಲ್ಲಿ ಕೂತು ಅವಳ ಮಾತು ಕೇಳಬೇಕು. ಹಾಲು ಸಾಲುತ್ತಿಲ್ಲ, ಕೂಸು ಬಡವಾಗಿದೆ ಎಂಬ ಮಾತುಗಳನ್ನು ವಿಡಿಯೊ ಕರೆಯಲ್ಲಿ ಬಂಧುಗಳು ಆಡದಂತೆ ತಡೆಯುವುದೂ ಅವರದೇ ಕೆಲಸ.

ಕೂಸನ್ನು ಊರಿಗೆ ಕರೆತರುವುದಕ್ಕೂ ಕಾಗದಗಳು ಬೇಕು. ಅಮೆರಿಕದಲ್ಲಿ ಹುಟ್ಟಿದ ಕೂಸು ಆ ದೇಶದ ಪ್ರಜೆಯಾಗುವುದರಿಂದ ಅಲ್ಲಿನ ಪಾಸ್‌ಪೋರ್ಟಿನೊಂದಿಗೆ ಭಾರತದ ವೀಸಾ ಅಥವಾ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಮಾಡಿಸಬೇಕು. ಕೊಲ್ಲಿ ದೇಶಗಳಲ್ಲಿ ಹುಟ್ಟಿದರೆ ನಮ್ಮ ರಾಯಭಾರ ಕಚೇರಿಯಲ್ಲಿ ವರ್ಷದೊಳಗೆ ಜನನ ದಾಖಲಿಸಿ ಭಾರತದ ಪಾಸ್‌ಪೋರ್ಟ್ ಪಡೆಯಬೇಕು. ಕ್ಷಯರೋಗ ತಡೆಯುವ ಬಿಸಿಜಿ ಅಮೆರಿಕದಲ್ಲಿ ವಾಡಿಕೆಯಾಗಿ ಹಾಕುವ ಲಸಿಕೆಯಲ್ಲ, ಅದನ್ನು ಎಲ್ಲಿ ಯಾವಾಗ ಹಾಕಿಸಬೇಕೆಂದು ಹೊರಡುವ ಮುನ್ನ ಮಕ್ಕಳ ಡಾಕ್ಟರನ್ನು ಕೇಳಿ. ಆರು ತಿಂಗಳು ತುಂಬಿದ್ದರೆ ದಡಾರದ ಲಸಿಕೆಯನ್ನು ಪ್ರಯಾಣಕ್ಕೆಂದೇ ಮುಂಚಿತವಾಗಿ ಹಾಕುತ್ತಾರೆ. ಮಾರ್ಚಿನಿಂದ ಜೂನಿನವರೆಗೆ ನಮ್ಮ ರಾಯಚೂರಿನ 40 ಡಿಗ್ರಿ ದಾಟುವ ಬಿಸಿಲಿಗೆ ತಂಪು ದೇಶದ ಕೂಸನ್ನು ತರಬೇಡಿ, ದೀಪಾವಳಿ ಕಳೆದ ಮೇಲೆ ಸಂಕ್ರಾಂತಿಯವರೆಗಿನ ದಿನಗಳು ಹಿತವಾದವು. ಹೈದರಾಬಾದಿನ ವಿಮಾನನಿಲ್ದಾಣದಿಂದ ಇಲ್ಲಿಗೆ ಕಾರಿನಲ್ಲಿ ನಾಲ್ಕು ತಾಸಿನ ದಾರಿ, ಆದ್ದರಿಂದ ಅಲ್ಲಿ ಬಳಸುವ ಕಾರಿನ ಆಸನವನ್ನು ಜೊತೆಗೇ ತನ್ನಿ. ನೋಡಲು ಬಂದವರು ಕೈ ತೊಳೆದ ಮೇಲೆಯೇ ಕೂಸನ್ನು ಎತ್ತಿಕೊಳ್ಳಲೆಂದು ಹೇಳುವ ನಿಷ್ಠುರವನ್ನು ಮಗಳ ಮೇಲೆ ಹಾಕದೆ ಮನೆಯ ಹಿರಿಯರೇ ಹೊತ್ತುಕೊಳ್ಳಲಿ.