ಪೈಥಾನ್ ಥ್ರೆಡ್‌ಗಳು ಮತ್ತು ಆ 5 ಮಿಲಿಸೆಕೆಂಡು: ನನ್ನ ಅನುಭವ

ನಮ್ಮ ಪೈಥಾನ್ ಸರ್ವರ್‌ನಲ್ಲಿ ಒಂದು ಥ್ರೆಡ್ (ಒಂದೇ ಪ್ರೋಗ್ರಾಂ ಒಳಗೆ ಜೊತೆಜೊತೆಗೆ ನಡೆಯುವ ಕೆಲಸದ ಎಳೆ) ಬಂದ ಕೋರಿಕೆಗಳಿಗೆ ಉತ್ತರ ಕೊಡುತ್ತಿತ್ತು. ಇನ್ನೊಂದು ಹಿನ್ನೆಲೆಯಲ್ಲಿ ವರದಿಯ ಲೆಕ್ಕ ಹಾಕುತ್ತಿತ್ತು. ವರದಿ ಶುರುವಾದ ಕೂಡಲೇ ಉತ್ತರಗಳು ತಡವಾಗುತ್ತಿದ್ದವು. ಗಿಲ್ (ಗ್ಲೋಬಲ್ ಇಂಟರ್‌ಪ್ರಿಟರ್ ಲಾಕ್, ಅಂದರೆ ಎಲ್ಲ ಥ್ರೆಡ್‌ಗಳಿಗೂ ಇರುವ ಒಂದೇ ಬೀಗ) ಇರೋದರಿಂದ ಹೀಗೆ ಅಂತ ಎಲ್ಲರೂ ಹೇಳುತ್ತಾರೆ. ನಿಜ, ನಾವು ಸಾಮಾನ್ಯವಾಗಿ ಬಳಸುವ ಪೈಥಾನ್ ಆದ ಸಿಪೈಥಾನ್‌ನಲ್ಲಿ ಆ ಬೀಗ ಹಿಡಿದ ಥ್ರೆಡ್ ಮಾತ್ರ ಬೈಟ್‌ಕೋಡ್ (ಪೈಥಾನ್ ಕೋಡಿನಿಂದ ತಯಾರಾಗುವ ಚಿಕ್ಕ ಸೂಚನೆಗಳು) ಓಡಿಸಬಹುದು. ಆದರೆ ತಡ ಇಷ್ಟು ಜಾಸ್ತಿ ಯಾಕೆ? ಅದು ನನಗೆ ಗೊತ್ತಾಗಬೇಕಿತ್ತು.

ಒಂದು ಪುಟ್ಟ ಪ್ರೋಗ್ರಾಂ ಬರೆದೆ. ಒಂದು ಥ್ರೆಡ್ 1 ಮಿಲಿಸೆಕೆಂಡು ಮಲಗಿ ಎದ್ದು, ಎಷ್ಟು ಹೊತ್ತಾಯಿತು ಅಂತ ಬರೆದಿಡುತ್ತದೆ. ಇನ್ನೊಂದು ಸುಮ್ನೆ ಲೂಪಿನಲ್ಲಿ ಎಣಿಸುತ್ತಿರುತ್ತದೆ. ಎಣಿಸುವ ಥ್ರೆಡ್ ಇಲ್ಲದಾಗ 1 ಮಿಲಿಸೆಕೆಂಡಿಗಿಂತ ಚೂರು ಜಾಸ್ತಿ. ಅದು ಇದ್ದಾಗ ಸುಮಾರು 6. ಮಧ್ಯದ ಆ 5 ಎಲ್ಲಿಂದ ಬಂತು ಅಂತ ಹುಡುಕಿದರೆ ಪೈಥಾನ್‌ನ ಸಿಸ್ ಮಾಡ್ಯೂಲಿನ ಸ್ವಿಚ್ ಇಂಟರ್ವಲ್ (ಥ್ರೆಡ್ ಬದಲಾವಣೆಯ ಅವಧಿ) ಸಿಕ್ಕಿತು. ಅದರ ಡೀಫಾಲ್ಟ್ ಬೆಲೆ 0.005 ಸೆಕೆಂಡು.

2011ರಲ್ಲಿ ಬಂದ ಪೈಥಾನ್ 3.2ಕ್ಕಿಂತ ಮುಂಚೆ ನೂರು ಬೈಟ್‌ಕೋಡ್‌ಗೊಮ್ಮೆ ಬೀಗ ಬಿಡುವ ಪದ್ಧತಿ ಇತ್ತು. ಪೈಥಾನ್ ಅಭಿವೃದ್ಧಿಗಾರ ಆಂಟ್ವಾನ್ ಪಿಟ್ರೂ ಅದನ್ನು ಸಮಯದ ಲೆಕ್ಕಕ್ಕೆ ಬದಲಾಯಿಸಿದರು. ಈಗ ಗಡಿಯಾರ ನೋಡುವುದು ಕಾಯುತ್ತಿರುವ ಥ್ರೆಡ್. 5 ಮಿಲಿಸೆಕೆಂಡು ಕಾದರೂ ಬೀಗ ಸಿಗದಿದ್ದರೆ ಅದು 'ಬಿಟ್ಟುಕೊಡು' ಎಂದು ಒಂದು ಗುರುತು ಹಾಕುತ್ತದೆ. ಓಡುತ್ತಿರುವ ಥ್ರೆಡ್ ಲೂಪ್ ಹಿಂದಕ್ಕೆ ತಿರುಗುವಾಗಲೋ ಫಂಕ್ಷನ್ ಶುರುವಾಗುವಾಗಲೋ ಆ ಗುರುತು ನೋಡಿ ಬೀಗ ಬಿಡುತ್ತದೆ. ಮುಂದೆ ಯಾರಿಗೆ ಸಿಗಬೇಕು ಅಂತ ಪೈಥಾನ್ ತೀರ್ಮಾನಿಸುವುದಿಲ್ಲ, ಅದು ಆಪರೇಟಿಂಗ್ ಸಿಸ್ಟಂ ಕೈಯಲ್ಲಿದೆ. ಯಾವ ಥ್ರೆಡ್‌ಗೂ ಆದ್ಯತೆ ಅನ್ನೋದು ಇಲ್ಲ.

ನಮ್ಮ ತೊಂದರೆಯ ಬೇರು ಇಲ್ಲೇ ಇತ್ತು. ಸಾಕೆಟ್‌ಗೆ (ನೆಟ್‌ವರ್ಕ್ ಸಂಪರ್ಕದ ತುದಿ) ಬರೆಯುವಾಗಲೂ ಓದುವಾಗಲೂ ಥ್ರೆಡ್ ಬೀಗ ಬಿಡುತ್ತದೆ. ಬಿಟ್ಟ ಕ್ಷಣವೇ ಲೆಕ್ಕದ ಥ್ರೆಡ್ ಅದನ್ನು ಹಿಡಿಯುತ್ತದೆ. ವಾಪಸ್ ಪಡೆಯಲು ಮತ್ತೆ 5 ಮಿಲಿಸೆಕೆಂಡು. ಒಂದು ಉತ್ತರವನ್ನು ಹತ್ತು ಚೂರುಗಳಲ್ಲಿ ಕಳಿಸಿದರೆ 50 ಮಿಲಿಸೆಕೆಂಡು ಬರೀ ಕಾಯುವುದಕ್ಕೇ ಹೋಗುತ್ತದೆ. ಬಸ್ಸಿನಲ್ಲಿ ನೀರು ಕುಡಿಯಲು ಎದ್ದವರ ಸೀಟು ಪ್ರತಿ ಸಲವೂ ಹೋದಂತೆ! ಉತ್ತರವನ್ನು ಮೊದಲು ಮೆಮೊರಿಯಲ್ಲಿ ಜೋಡಿಸಿ ಒಂದೇ ಸಲ ಕಳಿಸುವ ಹಾಗೆ ಮಾಡಿದೆ. ದೊಡ್ಡ ಸುಧಾರಣೆ ಇದರಿಂದಲೇ ಆಯಿತು.

ಆಮೇಲೆ ಇಂಟರ್ವಲ್ ಅನ್ನು 0.0005ಕ್ಕೆ ಇಳಿಸಿ ನೋಡಿದೆ. ಉತ್ತರಗಳು ಇನ್ನೂ ಬೇಗ ಬಂದವು, ಆದರೆ ಥ್ರೆಡ್ ಬದಲಾವಣೆ ಜಾಸ್ತಿಯಾಗಿ ವರದಿ ನಿಧಾನವಾಯಿತು. ಇದನ್ನು ಅಳೆದು ನೋಡದೆ ಬದಲಾಯಿಸಬೇಡಿ.

ಇಂಟರ್ವಲ್ ಎಷ್ಟೇ ಇಳಿಸಿದರೂ ಬಗ್ಗದ ಜಾಗವೂ ಒಂದಿದೆ. ಕೋಟಿ ಸಂಖ್ಯೆಗಳ ಪಟ್ಟಿಯನ್ನು ಸಾರ್ಟ್ ಮಾಡುವುದು ಸಿ ಭಾಷೆಯ ಕೋಡ್‌ನ ಒಂದೇ ಕರೆ. ಅದು ಮುಗಿಯುವವರೆಗೆ ಯಾರೂ ಆ ಗುರುತು ನೋಡುವುದಿಲ್ಲ, ಉಳಿದ ಥ್ರೆಡ್‌ಗಳು ಸೆಕೆಂಡುಗಟ್ಟಲೆ ನಿಲ್ಲುತ್ತವೆ. ಪಠ್ಯದಲ್ಲಿ ಮಾದರಿ ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಕೂಡ ಹೀಗೇ. ನಮ್ಮ ವರದಿಯಲ್ಲಿ ಎರಡೂ ಇದ್ದವು. ಹಾಗಾಗಿ ಕೊನೆಗೆ ಪೈಥಾನ್‌ನ ಮಲ್ಟಿಪ್ರೊಸೆಸಿಂಗ್ ಮಾಡ್ಯೂಲ್ ಬಳಸಿ ವರದಿಯನ್ನು ಬೇರೆ ಪ್ರೊಸೆಸ್‌ಗೆ (ಪ್ರತ್ಯೇಕವಾಗಿ ಓಡುವ ಪ್ರೋಗ್ರಾಂ) ಹಾಕಿದೆ. ಅದಕ್ಕೆ ಅದರದೇ ಗಿಲ್ ಇರುತ್ತದೆ, ಅಲ್ವಾ.

ಗಿಲ್ ಇಲ್ಲದ ಪೈಥಾನ್ 3.13ರಲ್ಲಿ ಪ್ರಯೋಗವಾಗಿ ಬಂತು, 3.14ರಲ್ಲಿ ಅಧಿಕೃತ ಬೆಂಬಲ ಪಡೆಯಿತು. ಅದನ್ನು ಹಾಕಿಕೊಳ್ಳುವವರು ಒಂದು ವಿಷಯ ಗಮನಿಸಿ. ಅದಕ್ಕೆ ಸಿದ್ಧವಿಲ್ಲದ ಸಿ ಲೈಬ್ರರಿಯೊಂದನ್ನು ಇಂಪೋರ್ಟ್ ಮಾಡಿದರೆ, ಗಿಲ್ ಮತ್ತೆ ತಾನಾಗಿ ಚಾಲೂ ಆಗುತ್ತದೆ.